ಇನ್ನೊಬ್ಬನ ಹೆಸರಿನ ಗಾಯ

ಅವನ ಬೆನ್ನಿನ ಮೇಲಿದ್ದ ಗಾಯದ ಕಲೆ ಹದಿನೇಳು ಸೆಂಟಿಮೀಟರ್ ಉದ್ದವಿತ್ತು. ಅಳೆದವಳು ನಾನೇ, ಶಾಲೆಯ ಮಕ್ಕಳ ಪ್ಲಾಸ್ಟಿಕ್ ಸ್ಕೇಲಿನಿಂದ. ನವೆಂಬರ್ ನಾಲ್ಕು, ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಕಾಲು. ಬಲ ಹೆಗಲಿನ ಮೂಳೆಯ ಮೇಲೆ ಶುರುವಾಗಿ, ಬೆನ್ನುಮೂಳೆಯನ್ನು ಎರಡು ಬೆರಳಿನಷ್ಟರಲ್ಲಿ ತಪ್ಪಿಸಿ, ಕೆಳಗೆ ಇಳಿದಿತ್ತು. ಎರಡೂ ಬದಿಯ ಹೊಲಿಗೆಯ ಚುಕ್ಕೆಗಳನ್ನು ಎಣಿಸಿದೆ. ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಹದಿಮೂರು. ಮತ್ತೆ ಎಣಿಸಿದೆ.

"ದೀದಿ, ಅಂಗಿ ಹಾಕಿಕೊಳ್ಳಲಾ? ಹೊಲಿಗೆ ಅಂಗಡಿಯವರು ನೋಡಿ ನಗುತ್ತಿದ್ದಾರೆ" ಎಂದ.

"ಇನ್ನೊಂದು ನಿಮಿಷ. ಯಾವತ್ತು ಆದದ್ದು ಇದು?"

"ಮೆಣಸು ಕೊಯ್ಲಿನಲ್ಲಿ. ಹೋದ ವರ್ಷದ ಹಿಂದಿನ ವರ್ಷ."

ಪುಲ್ಪಳ್ಳಿ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿಯ ಪಕ್ಕದ ಕೋಣೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ನಮ್ಮ ಉಚಿತ ಕಾನೂನು ನೆರವಿನ ಮೇಜು ಇರುತ್ತದೆ. ಅದನ್ನು ನಡೆಸುವವರು ಬತ್ತೇರಿಯ ಒಬ್ಬ ವಕೀಲೆ. ಎಲ್ಲರೂ ಅವರನ್ನು ವಕೀಲ್ ಚೇಚಿ, ಅಂದರೆ ವಕೀಲಕ್ಕ, ಎನ್ನುತ್ತಾರೆ. ನಾನು ಅರ್ಜಿ ಬರೆಯುವವಳು. ನಮ್ಮ ಮನೆ ಕೊಳವಳ್ಳಿಯಲ್ಲಿ, ಹೊಳೆಯ ಈಚೆ ದಡದಲ್ಲಿ; ಆಚೆ ದಡ ಕನ್ನಡನಾಡು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಕಲಿತ ಹಿಂದಿ. ಆ ಹಿಂದಿಯ ಸಲುವಾಗಿಯೇ, ತೋಟಗಳ ಸಾಲುಮನೆಗಳಲ್ಲಿರುವ ಹೊರಗಿನ ಕೆಲಸಗಾರರ ಜವಾಬ್ದಾರಿ ನನಗೆ ಬಂದಿತ್ತು.

ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಒಂದು ಆದೇಶ ಹೊರಟಿತ್ತು. ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಘಾನಿಸ್ತಾನಗಳಿಂದ ಧರ್ಮದ ಕಾರಣಕ್ಕೆ ಕಿರುಕುಳ ತಾಳಲಾರದೆ ಅಥವಾ ಅದಕ್ಕೆ ಹೆದರಿ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು 2024ರ ಡಿಸೆಂಬರ್ 31ರೊಳಗೆ ಗಡಿ ದಾಟಿದ್ದರೆ, ಪಾಸ್‌ಪೋರ್ಟ್ ವೀಸಾ ಇಲ್ಲವೆಂದು ಅವರನ್ನು ಶಿಕ್ಷಿಸುವಂತಿಲ್ಲ. ಪೌರತ್ವ ಕೊಡುವ ಆದೇಶವಲ್ಲ ಅದು. ಹಿಡಿದು ಗಡಿಯಾಚೆ ಬಿಡುವುದಿಲ್ಲ, ಅಷ್ಟೇ. ಮುಸಲ್ಮಾನರಿಗೆ ಅನ್ವಯಿಸುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಮೊದಲು ಐದು ಕಾಲಮ್ ಇದ್ದವು. ಹೆಸರು, ಊರು, ಧರ್ಮ, ಗಡಿ ದಾಟಿದ ದಿನ, ಆ ದಿನವನ್ನು ಹೇಳುವ ಕಾಗದ. ಐದನೆಯದು ಹೆಚ್ಚಾಗಿ ಖಾಲಿ. ಹಾಗಾಗಿ ಅಕ್ಟೋಬರಿನಲ್ಲಿ ಆರನೆಯದನ್ನು ಸೇರಿಸಿದೆ: ಗಾಯ. ಯಾವ ಕಾಗದವೂ ಇಲ್ಲದವನ ಹೆಸರು ಸರ್ಕಾರಿ ಪುಸ್ತಕದೊಳಗೆ ಬರುವುದು ಯಾರಾದರೂ ಅವನನ್ನು ಹೊಡೆದಾಗ. ಆಸ್ಪತ್ರೆಯ ಚೀಟಿ, ಠಾಣೆಯ ದೂರು, ಎಕ್ಸ್‌ರೇ ಲಕೋಟೆ, ಎಲ್ಲದರ ಮೇಲೂ ತಾರೀಕು ಇರುತ್ತದೆ. ಆದ್ದರಿಂದ ಬಂದವರನ್ನು, "ನಿಮಗೆ ಯಾರಾದರೂ ಹೊಡೆದಿದ್ದಾರಾ? ಯಾವಾಗ?" ಎಂದು ಕೇಳಲು ಶುರುಮಾಡಿದೆ. ನವೆಂಬರ್ ನಾಲ್ಕರವರೆಗೆ ಮೂವತ್ತೆಂಟು ಜನ ಬಂದಿದ್ದರು. ಆದೇಶದೊಳಗೆ ಬರುವವರು ಒಂಬತ್ತು. ಅವರಲ್ಲಿ ಕಾಗದ ಇದ್ದವರು ಮೂವರು. ಆ ಮೂರರಲ್ಲಿ ಎರಡು ಗಾಯದ ಕಾಗದಗಳೇ.

ಇಷ್ಟು ಜನ ಒಮ್ಮೆಲೇ ಬಂದದ್ದಕ್ಕೆ ಕಾರಣವಿತ್ತು. ಅಕ್ಟೋಬರ್ 23, ಗುರುವಾರ, ಬಸ್ ನಿಲ್ದಾಣದಲ್ಲಿ ಒಬ್ಬನನ್ನು ಹೊಡೆದರು. ನಾನು ಬಸ್ಸಿನೊಳಗೆ ಕಿಟಕಿಯ ಬಳಿ ಕೂತಿದ್ದೆ. ಮೊಬೈಲ್ ಕದ್ದ ಎಂದು ಒಬ್ಬ ಕೂಗಿದ. ಬಾಂಗ್ಲಾದವನು ಎಂದು ಇನ್ನೊಬ್ಬ ಕೂಗಿದ. ಎರಡನೆಯ ಮಾತು ಕೇಳಿದ ಮೇಲೆ ಮೊಬೈಲಿನ ವಿಚಾರ ಯಾರಿಗೂ ಬೇಕಾಗಲಿಲ್ಲ. ಏಳು ಜನ ಹೊಡೆದರು, ಹನ್ನೊಂದು ಜನ ವಿಡಿಯೊ ತೆಗೆದರು. ಒಬ್ಬ ಹೆಲ್ಮೆಟ್ಟನ್ನು ಪಟ್ಟಿಯಲ್ಲಿ ಹಿಡಿದು ಬೀಸಿ ಬಾಯಿಗೆ ಹೊಡೆದ. ಬಿದ್ದವನು ಕೈಯೂರಿ ಏಳುತ್ತಿದ್ದಾಗ ಆ ಕೈಬೆರಳುಗಳ ಮೇಲೆ ಬೂಟಿನಲ್ಲಿ ನಿಂತರು. ನಾಲ್ಕು ನಿಮಿಷ ನಡೆಯಿತು. ಅವನು ಜಾರ್ಖಂಡಿನವನು, ಮೊಬೈಲು ಅವನದ್ದೇ ಎಂದು ಮಾರನೆಯ ದಿನ ಗೊತ್ತಾಯಿತು. ನಾನು ಬಸ್ಸಿನಿಂದ ಇಳಿಯಲಿಲ್ಲ. ಅದನ್ನೂ ಆ ದಿನದ ಪುಟದಲ್ಲಿ ಬರೆದಿದ್ದೇನೆ.

ಬೆನ್ನು ತೋರಿಸಿದವನು ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯ ಹಿಂದೂ. ಅವನನ್ನು ಇಲ್ಲಿ ಖುಲ್ನಾದವ ಎಂದೇ ಕರೆಯುತ್ತೇನೆ. ಪೊಲೀಸರು ಸಾಲುಮನೆಗಳಲ್ಲಿ ತಪಾಸಣೆ ಮಾಡಿ, ಅವನಿಗೆ ಡಿಸೆಂಬರ್ ಐದರಂದು ಕಲ್ಪೆಟ್ಟದ ಜಿಲ್ಲಾ ಕಚೇರಿಗೆ ದಾಖಲೆ ಸಮೇತ ಬರಬೇಕೆಂದು ನೋಟಿಸ್ ಕೊಟ್ಟಿದ್ದರು. ಹಳೆಯ ದಿನದ ಕಾಗದ ತೋರಿಸದಿದ್ದರೆ ಅಲ್ಲಿಂದಲೇ ಗಡಿಗೆ. ಅವನು ಒಬ್ಬನೇ ಬಂದಿರಲಿಲ್ಲ. ಅವನ ಕೋಣೆಯ ಗೆಳೆಯನೂ ಬಂದಿದ್ದ. ಖುಲ್ನಾದವನ ಊರಿನ ಹೊಳೆಗೆ ಆಚೆ ದಡದ ಹಳ್ಳಿಯವನು, ಮುಸಲ್ಮಾನ.

"ಇವನದ್ದಾಯಿತು, ನನ್ನದು ನೋಡಿ" ಎಂದು ಗೆಳೆಯ ನಕ್ಕ. "ನನಗೂ ಗಾಯ ಇದೆ. ತಲೆಯಲ್ಲಿದೆ, ಕೂದಲು ಬೋಳಿಸಬೇಕು."

ಆದೇಶದಲ್ಲಿ ಬರೆದದ್ದನ್ನು ಹೇಳಿದೆ. ನಿಧಾನವಾಗಿ, ಎರಡು ಸಲ. ಹಿಂದಿಯಲ್ಲಿ ಅದನ್ನು ಮೃದುವಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

"ಇಬ್ಬರೂ ಒಂದೇ ತಂತಿಬೇಲಿಯ ಕೆಳಗೆ ನುಸುಳಿದೆವು" ಎಂದ ಗೆಳೆಯ. "ಇವನ ಅಂಗಿ ಸಿಕ್ಕಿಕೊಂಡಾಗ ಬಿಡಿಸಿದವನು ನಾನು." ಆಮೇಲೆ ಮುಷ್ಟಿ ಎತ್ತಿ ಮೇಜಿನ ಗಾಜಿನ ಮೇಲೆ ಗುದ್ದಿದ. ಗಾಜು ಒಡೆದು ಒಂದು ಚೂರು ಅಂಗೈಯಲ್ಲಿ ನಿಂತಿತು. ರಕ್ತ ನನ್ನ ನೋಟ್‌ಬುಕ್ಕಿನ ಮೇಲೆ ಹರಿದು, ಮೂರು ಪುಟ ಅಂಟಿಕೊಂಡವು. ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿದರು. ಆ ಚೀಟಿಯಲ್ಲಿ ಅವನ ನಿಜವಾದ ಹೆಸರಿತ್ತು, ತಾರೀಕೂ ಇತ್ತು, ಉಪಯೋಗವಿರಲಿಲ್ಲ. ಶನಿವಾರದ ಹೊತ್ತಿಗೆ ಅವನು ಕೋಣೆ ಬಿಟ್ಟು ಹೋಗಿದ್ದ. ಎಲ್ಲಿಗೆ ಎಂದು ಖುಲ್ನಾದವನಿಗೂ ಹೇಳಿರಲಿಲ್ಲ.

ಖುಲ್ನಾದವನ ಗಾಯದ ಕಾಗದ ಎಲ್ಲಿ ಎಂದು ಕೇಳಿದಾಗ ಅವನು, "ಇದೆ. ಆದರೆ ನನ್ನ ಹೆಸರಲ್ಲಿ ಇಲ್ಲ" ಎಂದ.

ನಡೆದದ್ದು ಹೀಗೆ. 2023ರ ಫೆಬ್ರವರಿ. ಪುಲ್ಪಳ್ಳಿ ಹತ್ತಿರದ ಒಂದು ತೋಟದಲ್ಲಿ ಮರಗಳಿಗೆ ಹಬ್ಬಿದ ಕಾಳುಮೆಣಸು ಕೊಯ್ಯುತ್ತಿದ್ದರು. ಅವನ ಪಕ್ಕದ ಮರದಲ್ಲಿ ಕಾಡಂಚಿನ ಕಾಲೊನಿಯ ಒಬ್ಬ ಕೆಲಸಗಾರನಿದ್ದ. ಕಾಡುನಾಯಕ ಬುಡಕಟ್ಟಿನವನು, ಮಳೆಗಾಲಕ್ಕೆ ಮೊದಲು ಜೇನು ತೆಗೆಯುತ್ತಾನೆ, ಉಳಿದಂತೆ ತೋಟದ ಕೂಲಿ. ಅವನನ್ನು ಜೇನುಗಾರ ಎನ್ನುತ್ತೇನೆ. ಅವನು ಒಂಟಿ ಬಿದಿರಿನ ಏಣಿಯ ತುದಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳಲು ಕೈ ನಿಲ್ಲಿಸಿದ್ದ. ಕೆಳಗೆ ಬಂದ ಮೇಸ್ತ್ರಿ, ಇಳಿ ಎಂದು ಒಂದು ಸಲ ಕೂಗಿ, ಎರಡನೆಯ ಸಲ ಕೂಗದೆ ಏಣಿಯ ಬುಡಕ್ಕೆ ಒದ್ದ. ಜೇನುಗಾರ ಸೊಂಟದ ಮೇಲೆ ಬಿದ್ದ. ಮೇಸ್ತ್ರಿ ನಕ್ಕ. ಖುಲ್ನಾದವ ಹೋಗಿ ಮೇಸ್ತ್ರಿಯ ಕುತ್ತಿಗೆ ಹಿಸುಕಿ ಹಿಡಿದ. ಬಿಟ್ಟು ತಿರುಗಿದ್ದೇ ತಡ, ಮೇಸ್ತ್ರಿ ಸೊಂಟದಲ್ಲಿದ್ದ ಮಚ್ಚು ತೆಗೆದು ಬೆನ್ನಿಗೆ ಹಾಕಿದ.

ಜೀಪಿನಲ್ಲಿ ಇಬ್ಬರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದವನೂ ಮೇಸ್ತ್ರಿಯೇ. ಏಣಿಯಿಂದ ಬಿದ್ದು ನಿನ್ನದೇ ಮಚ್ಚು ತಾಗಿತು ಎನ್ನಬೇಕು, ಇಲ್ಲದಿದ್ದರೆ ಬಾಂಗ್ಲಾದವನೆಂದು ಪೊಲೀಸರಿಗೆ ಕೊಡುತ್ತೇನೆ ಎಂದಿದ್ದ. ಚೀಟಿ ಬರೆಯುವಲ್ಲಿ ಹೆಸರು ಕೇಳಿದಾಗ ಖುಲ್ನಾದವ ಬಾಯಿ ಬಿಡಲಿಲ್ಲ. ಜೇನುಗಾರ ತನ್ನ ಗುರುತಿನ ಕಾರ್ಡ್ ತೆಗೆದು ಕಿಟಕಿಯೊಳಗೆ ತಳ್ಳಿದ. ಹೀಗೆ ಆ ಪುಸ್ತಕದಲ್ಲಿ ಗಾಯ ಇವನದು, ಹೆಸರು ಅವನದು.

ನವೆಂಬರ್ ಒಂಬತ್ತು, ಭಾನುವಾರ, ನಾನು ಜೇನುಗಾರನ ಮನೆಗೆ ಹೋದೆ. ಅವನ ಮಾತು ನಮ್ಮ ಮನೆಯ ಮಾತಿಗೆ ಹತ್ತಿರ, ಅರ್ಧಕ್ಕೆ ಮಲಯಾಳ ಸೇರುತ್ತದೆ. ಅವನ ಹೆಂಡತಿ ಅಂಗಳದಲ್ಲಿ ಸೌದೆ ಸೀಳುತ್ತಿದ್ದಳು. ವಿಷಯ ಹೇಳಿದೆ. ಖುಲ್ನಾದವನಿಗೆ ಬೇಕಾದದ್ದು ಎರಡು: ಆ ದಿನದ ಆಸ್ಪತ್ರೆ ದಾಖಲೆಯ ನಕಲು, ಅದನ್ನು ಕಾರ್ಡಿನವನೇ ಹೋಗಿ ಕೇಳಬೇಕು. ಮತ್ತೆ ಈ ಗಾಯ ತನ್ನದಲ್ಲ ಎಂದು ಅವನ ಹೇಳಿಕೆ.

"ನಂಗೆ ಪೇಡಿ ಆಯ್ತದೆ ಕೂಸೆ" ಎಂದ ಜೇನುಗಾರ. "ಎದೆ ನಡುಗ್ತದೆ. ಸುಳ್ ಯೋಳಿ ಮದ್ದು ಈಸ್ಕಂಡ ಅಂತ ನನ್ನೇ ಒಳಗಾಕ್ತಾರೆ."

"ಮದ್ದು ನಿನ್ ಮೈಗೆ ಹಾಕಿದ್ರಾ?" ಎಂದಳು ಹೆಂಡತಿ, ಕೊಡಲಿ ನಿಲ್ಲಿಸದೆ. "ನಿನ್ ಸೊಂಟಕ್ಕೆ ನಾನ್ ತಾನೇ ಎಣ್ಣೆ ತಿಕ್ಕಿದ್ದು. ಹೆಸ್ರು ಕೊಡಾಕೆ ಅಷ್ಟ್ ಅವಸ್ರ, ವಾಪಸ್ ಈಸ್ಕಳಾಕೆ ನಾಚ್ಕೆಯಾ?"

"ಹೆಸ್ರೇನು, ಸುಮ್ನೆ ಬಿದ್ದಿತ್ತು. ಬೇಕಾದವ್ನು ತಗಂಡ."

"ಕಂಬ್ಳಿ ಕೊಟ್ಟಂಗೆ ಕೊಟ್ನಂತೆ! ನಾಳೆ ಇವ್ನು ಸತ್ರೆ ನಿನ್ ಹೆಸ್ರಲ್ಲೇ ಹೂಳ್ತಾರೆ. ನಾನ್ ಹೋಗಿ ಅಳ್ಬೇಕು, ನೀನಿಲ್ಲಿ ಗಂಜಿ ಕುಡೀತಾ ಕೂತಿರ್ತೀಯ."

ಜೇನುಗಾರ ನಕ್ಕುಬಿಟ್ಟ. ಆಮೇಲೆ ಒಪ್ಪಿಕೊಂಡ. ಒಂದೇ ಷರತ್ತು: ಕಡಿದವನು ಯಾರೆಂದು ಹೇಳುವುದಿಲ್ಲ. ಮೇಸ್ತ್ರಿ ಇನ್ನೂ ಅದೇ ತೋಟದಲ್ಲಿದ್ದ, ಕಾಲೊನಿಯ ಮುಕ್ಕಾಲು ಜನ ಅಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಹದಿಮೂರನೇ ತಾರೀಕು ಗುರುವಾರ ಜೇನುಗಾರನೂ ನಾನೂ ಆಸ್ಪತ್ರೆಗೆ ಹೋದೆವು. ದಾಖಲೆ ಸಿಕ್ಕಿತು. ಫೆಬ್ರವರಿ 16. ಏಣಿಯಿಂದ ಬಿದ್ದು ಮಚ್ಚು ತಾಗಿದ ಗಾಯ, ಬಲ ಬೆನ್ನು, ಹದಿನೆಂಟು ಸೆಂಟಿಮೀಟರ್, ಹದಿನಾಲ್ಕು ಹೊಲಿಗೆ. ಮಾಯುವಾಗ ಒಂದು ಸೆಂಟಿಮೀಟರ್ ಕುಗ್ಗಿತ್ತು. ವಕೀಲ್ ಚೇಚಿ ನೋಡಿ, "ಸಾಕು. ಇದರ ಜೊತೆ ಇವನ ಹೇಳಿಕೆ, ಇಬ್ಬರ ಬೆನ್ನನ್ನೂ ನೋಡಿದ ಡಾಕ್ಟರ ವರದಿ. ಒಬ್ಬನ ಬೆನ್ನಲ್ಲಿ ಕಲೆ ಇದೆ, ಇನ್ನೊಬ್ಬನದರಲ್ಲಿ ಇಲ್ಲ. ಇದಕ್ಕಿಂತ ಏನು ಬೇಕು?" ಎಂದರು.

ನನಗೆ ಬೇಕಿತ್ತು. ನಾನು ಮಾಡಿಕೊಂಡಿದ್ದ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಸಾಕ್ಷಿ ಎಂದಿತ್ತು, ನಾಲ್ಕನೆಯ ಚೌಕ ಖಾಲಿ ಉಳಿದಿತ್ತು. ಖಾಲಿ ಚೌಕ ನನ್ನಿಂದ ನೋಡಲಾಗುವುದಿಲ್ಲ. ಹದಿನಾಲ್ಕನೇ ತಾರೀಕು ಶುಕ್ರವಾರ ತೋಟದ ಆಫೀಸಿಗೆ ಒಂದು ಪತ್ರ ಬರೆದೆ. 2023ರ ಫೆಬ್ರವರಿಯ ಹಾಜರಿ ಪುಟದ ನಕಲು ಬೇಕೆಂದು. ಯಾಕೆ ಬೇಕು ಎಂದು ಬರೆದೆ. ಇಬ್ಬರ ಹೆಸರೂ ಬರೆದೆ. ಬೆನ್ನು ಪರೀಕ್ಷೆ ಮಾಡಿಸುತ್ತಿದ್ದೇವೆ ಎಂದೂ ಬರೆದೆ. ಮೇಸ್ತ್ರಿಯ ಹೆಸರು ಬರೆಯಲಿಲ್ಲ, ಹಾಗಾಗಿ ಕೊಟ್ಟ ಮಾತು ಉಳಿಸಿಕೊಂಡೆ ಎಂದುಕೊಂಡೆ. ಯಾರನ್ನೂ ಕೇಳದೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ರಸೀದಿಯನ್ನು ನೋಟ್‌ಬುಕ್ಕಿಗೆ ಅಂಟಿಸಿದೆ.

ಇಪ್ಪತ್ತನೇ ತಾರೀಕು, ಗುರುವಾರ, ಬೆಳಿಗ್ಗೆ ಹತ್ತೂವರೆ. ಕಾಲೊನಿಯ ತಿರುವಿನ ಚಹಾ ಅಂಗಡಿಯಲ್ಲಿ ಜೇನುಗಾರ, ಅವನ ಹೆಂಡತಿ, ನಾನು ಕೂತಿದ್ದೆವು. ಡಾಕ್ಟರ ಬಳಿಗೆ ಹೊರಟಿದ್ದೆವು, ಬಸ್ಸಿಗೆ ಹತ್ತು ನಿಮಿಷವಿತ್ತು. ಜೀಪು ಬಂದು ನಿಂತಿತು. ಮೇಸ್ತ್ರಿ ಮತ್ತು ಇಬ್ಬರು ಇಳಿದರು. ಮೇಸ್ತ್ರಿಯ ಕೈಯಲ್ಲಿ ನನ್ನ ಪತ್ರವಿತ್ತು. ನನ್ನ ಅಕ್ಷರ ದುಂಡಗಿದೆ, ದೂರದಿಂದಲೇ ಗುರುತು ಸಿಕ್ಕಿತು.

ಅವನು ಅದನ್ನು ಮಲಯಾಳದಲ್ಲಿ ಜೋರಾಗಿ ಓದಿದ. ಅಂಗಡಿಯಲ್ಲಿದ್ದ ಐದು ಜನ ಕೇಳಿದರು. ಓದಿ ಮುಗಿಸಿ ಜೇನುಗಾರನ ಮುಂದೆ ಬಗ್ಗಿ, "ಬೆನ್ನು ತೋರಿಸುತ್ತೀಯಂತೆ? ನನಗೂ ತೋರಿಸು, ನೋಡುತ್ತೇನೆ" ಎಂದ.

ಇಬ್ಬರು ಅವನನ್ನು ಬೆಂಚಿನ ಮೇಲೆ ಮಗುಚಿ ಹಾಕಿದರು. ಅಂಗಿ ಹರಿದರು. ಮೇಸ್ತ್ರಿ ಜೀಪಿನಿಂದ ಕಾಫಿ ಗಿಡದ ಗಳ ತೆಗೆದ, ಹಸಿಯದು, ಗಂಟುಗಳನ್ನು ಸವರಿರಲಿಲ್ಲ. ಮೊದಲ ಏಟಿಗೆ ಚರ್ಮ ಬಿಳಿಯಾಗಿ ಎದ್ದಿತು, ಎರಡನೆಯದಕ್ಕೆ ಅದೇ ಜಾಗ ಒಡೆಯಿತು. ಮೂರು. ನಾಲ್ಕು. ನನಗೇ ಗೊತ್ತಿಲ್ಲದೆ ಎಣಿಸುತ್ತಿದ್ದೆ. ಐದನೆಯದಕ್ಕೆ ನಾನು ಮೇಸ್ತ್ರಿಯ ತೋಳಿಗೆ ಜೋತುಬಿದ್ದೆ. ಅವನು ನನ್ನನ್ನು ಮೊಣಕೈಯಿಂದ ಬಾಯಿಗೆ ಹೊಡೆದು ಕೊಡವಿದ. ನನ್ನ ಹಲ್ಲು ಕೆಳದುಟಿಯೊಳಗೆ ಹೊಕ್ಕಿತು. ನೆಲದಲ್ಲಿ ಬಿದ್ದು ನೋಡಿದಾಗ ಬೆಂಚಿನ ಕಾಲುಗಳು, ರಕ್ತ ತೊಟ್ಟಿಕ್ಕುವ ಜಾಗ, ಒಂದು ಸ್ಟೀಲ್ ಲೋಟ ಕಂಡವು. ಮತ್ತೆ ಎದ್ದೆ. ಅವನು ಗಳ ಬಿಸಾಡಿ ಮಚ್ಚು ತೆಗೆದಿದ್ದ. ಅದರ ಹಿಂಬದಿಯಿಂದ ಹೊಡೆಯತೊಡಗಿದ. ಜೇನುಗಾರ ತಡೆಯಲು ಕೈಯನ್ನು ಹಿಂದಕ್ಕೆ ತಂದ. ಹಸಿ ಕಡ್ಡಿ ಮುರಿದ ಸದ್ದಾಯಿತು. ನನ್ನ ಲೆಕ್ಕದಲ್ಲಿ ಅದು ಒಂಬತ್ತನೆಯದು.

ಆಗ ಹೆಂಡತಿ ಒಲೆಯ ಮೇಲೆ ಕುದಿಯುತ್ತಿದ್ದ ಹಾಲಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದೆತ್ತಿ ಮೇಸ್ತ್ರಿಯ ಮುಖಕ್ಕೆ ಎರಚಿದಳು. ಅವನು ಕಿರುಚಿದ ಸದ್ದಿಗೆ ಬೆಂಚನ್ನು ಹಿಡಿದಿದ್ದ ಇಬ್ಬರೂ ಕೈಬಿಟ್ಟರು. ಅವಳ ಕೈಗಳೂ ಬೆಂದಿದ್ದವು. ಪಾತ್ರೆಯನ್ನು ಇನ್ನೂ ಬಿಟ್ಟಿರಲಿಲ್ಲ.

"ಬಾ, ಇನ್ನೊಂದು ಒಲೆ ಮ್ಯಾಲದೆ" ಎಂದಳು.

ಮೇಸ್ತ್ರಿ ಒಂದು ಕಣ್ಣು ಮುಚ್ಚಿಕೊಂಡು ಜೀಪಿನತ್ತ ಹೋಗುತ್ತ ನನ್ನ ಕಡೆ ತಿರುಗಿ, ಮಗಳನ್ನು ಕರೆದಂತೆ ಕರೆದ. "ಮೋಳೇ, ಈಗ ಇಬ್ಬರ ಬೆನ್ನಲ್ಲೂ ಗುರುತಿದೆ. ಯಾವುದು ಯಾರದ್ದು ಅಂತ ನಿನ್ನ ಆಫೀಸರಿಗೆ ದುಂಡಗೆ ಬರೆದು ಕೊಡು."

ಆಟೋದಲ್ಲಿ ಹೋಗುವಾಗ ಜೇನುಗಾರ ನನ್ನ ಮಡಿಲಿನ ಮೇಲೆ ಮಗುಚಿ ಮಲಗಿದ್ದ. ಅವನ ಬೆನ್ನಿನ ಮೇಲೆ ನನ್ನ ಕಣ್ಣಿತ್ತು. ಹದಿನೈದು ದಿನದ ನಂತರ ಒಂದೂ ಕಲೆಯಿಲ್ಲದ ಬೆನ್ನನ್ನು ತೋರಿಸಬೇಕಿತ್ತು. ಅದನ್ನು ಹಾಳು ಮಾಡಲು ದಾರಿ ಹೇಳಿಕೊಟ್ಟವಳು ನಾನು, ವಿಳಾಸ ಸಮೇತ. ಇದನ್ನು ಹೇಗೆ ಬರೆಯುವುದೆಂದು ಗೊತ್ತಾಗದೆ ಆ ದಿನದ ಪುಟದಲ್ಲಿ ತಾರೀಕು ಮಾತ್ರ ಇದೆ.

ಅದೇ ಸರ್ಕಾರಿ ಆಸ್ಪತ್ರೆ. ಡ್ಯೂಟಿ ಡಾಕ್ಟರ್ ನನ್ನ ವಯಸ್ಸಿನವನು. ಹೊಡೆತದ ಕೇಸುಗಳನ್ನು ಬರೆಯುವ ಉದ್ದನೆಯ ಪುಸ್ತಕ ತೆಗೆದು, ಜೇನುಗಾರನ ಹೆಸರು, ವಯಸ್ಸು ಬರೆದು, ಬೆನ್ನಿನ ಗಾಯಗಳನ್ನು ಒಂದೊಂದಾಗಿ ನೋಡುತ್ತಿದ್ದ. ಅವನು ಬರೆಯುವುದನ್ನು ನೋಡುತ್ತಿದ್ದಂತೆ ನನಗೆ ಹೊಳೆಯಿತು.

"ಡಾಕ್ಟರ್, ಹಳೆಯ ಕಲೆಗಳನ್ನೂ ಬರೆಯಿರಿ" ಎಂದೆ. ತುಟಿ ಊದಿದ್ದರಿಂದ ಅವನಿಗೆ ಎರಡು ಸಲ ಹೇಳಬೇಕಾಯಿತು.

"ಹಳೆಯದು ಯಾವುದೂ ಇಲ್ಲವಲ್ಲ. ಎಲ್ಲ ಇವತ್ತಿನದೇ."

"ಇಲ್ಲ ಎಂದೇ ಬರೆಯಿರಿ. ಬಲ ಬೆನ್ನಲ್ಲಿ ಹೊಲಿಗೆ ಹಾಕಿದ ಹಳೆಯ ಗಾಯ ಇಲ್ಲ ಎಂದು."

"ಇಲ್ಲದ್ದನ್ನು ಯಾಕೆ ಬರೆಯಬೇಕು?"

ಬ್ಯಾಗಿನಿಂದ ಫೆಬ್ರವರಿಯ ನಕಲು ತೆಗೆದು ಅವನ ಮುಂದೆ ಇಟ್ಟೆ. ಅದೇ ಆಸ್ಪತ್ರೆ, ಅದೇ ಹೆಸರು, ಹದಿನಾಲ್ಕು ಹೊಲಿಗೆ. ಅವನು ಓದಿದ. ಮಲಗಿದ್ದವನ ಬಳಿ ಹೋಗಿ ಬಲ ಬೆನ್ನನ್ನು ಹತ್ತಿಯಿಂದ ಒರೆಸಿ, ಬೆಳಕು ಬೀಳುವಂತೆ ತಿರುಗಿಸಿ, ಬೆರಳಿನಿಂದ ತಡವಿ ನೋಡಿದ. ಮರಳಿ ಬಂದು ಒಂದು ಸಾಲು ಸೇರಿಸಿದ. ಆಸ್ಪತ್ರೆಯ ಮುದ್ರೆ ಒತ್ತಿದ.

ಜೇನುಗಾರ ದಿಂಬಿನೊಳಗಿಂದ ಕೇಳಿದ, "ಏನ್ ಬರಸ್ಕಂಡೆ ಕೂಸೆ?"

ಹೇಳಿದೆ.

"ಹಂಗಾರೆ ಅವ್ನು ಒಡ್ದಿದ್ದೇ ಒಳ್ಳೇದಾಯ್ತಾ?" ಎಂದು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ಹೆಂಡತಿಯ ಎರಡೂ ಕೈಗೆ ಬ್ಯಾಂಡೇಜ್ ಸುತ್ತುತ್ತಿದ್ದರು. "ಒಳ್ಳೇದಾಯ್ತು ಅಂತ ಏನಾರ ನಿನ್ ಬುಕ್ಕಲ್ಲಿ ಬರ್ಕಂಡ್ರೆ, ಅದ್ನ ಒಲೆಗೆ ಹಾಕ್ತೀನಿ" ಎಂದಳು ನನಗೆ. "ಕಾಗ್ದ ಕಳ್ಸಿದ್ಯಲ್ಲ, ನಮ್ಮನ್ನೊಂದ್ ಮಾತ್ ಕೇಳ್ದ್ಯಾ? ಕೇಳಿದ್ರೆ ನಾನ್ ಯೋಳ್ತಿದ್ದೆ. ಆ ತೋಟ್ದ ಆಪೀಸಲ್ಲಿ ಕಾಗ್ದ ಒಡ್ಯೋನೇ ಮೇಸ್ತ್ರಿ. ಕಾಲೊನಿಯ ಮಕ್ಳಿಗೂ ಗೊತ್ತು."

ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ ಐದು, ಶುಕ್ರವಾರ. ಕಲ್ಪೆಟ್ಟದ ಕಚೇರಿಯಲ್ಲಿ ನಾವು ಐದು ಜನ. ಜೇನುಗಾರನ ಎಡಗೈ ಪ್ಲಾಸ್ಟರಿನಲ್ಲಿ, ಹೆಂಡತಿಯ ಅಂಗೈಗಳಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ಖುಲ್ನಾದವ ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದಿದ್ದ. ಅಲ್ಲಿಂದಲೇ ಕರೆದೊಯ್ದರೆ ಎಂದು.

ಅಧಿಕಾರಿ ಮೊದಲು ಅವನನ್ನು ಕೇಳಿದರು, "ಯಾಕೆ ಬಂದೆ?" ನಾನು ಹಿಂದಿಯಿಂದ ಮಲಯಾಳಕ್ಕೆ ಹೇಳಬೇಕಿತ್ತು. ಅಣ್ಣನ ಅಂಗಡಿಗೆ ಬೆಂಕಿ ಹಾಕಿದ್ದು. ಅಣ್ಣ ಹೊರಗೆ ಓಡಿ ಬಂದಾಗ ಬಾಗಿಲಲ್ಲೇ ಕಬ್ಬಿಣದ ಸಲಾಕೆಯಿಂದ ಮಂಡಿ ಒಡೆದದ್ದು, ಮತ್ತೆ ಒಳಗೆ ತಳ್ಳಿದ್ದು. ಇವನು ಕೆರೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಅದನ್ನು ನೋಡಿದ್ದು. "ತಳ್ಳಿದವರು ಯಾರು?" ಎಂದು ಕೇಳಿದರು. "ನಮ್ಮ ಅಂಗಡಿಗೆ ದಿನಾ ಬರುತ್ತಿದ್ದವರು" ಎಂದ. ಆ ಮಾತನ್ನು ಮಲಯಾಳದಲ್ಲಿ ಹೇಳಿ, ಅವನ ಹೇಳಿಕೆಯ ಕಾಗದವನ್ನು ಪಕ್ಕಕ್ಕೆ ತಳ್ಳಿದೆ. ವಕೀಲ್ ಚೇಚಿ ಉಳಿದದ್ದನ್ನು ಹೇಳಿದರು.

ಆಮೇಲೆ ಅಧಿಕಾರಿ ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಜೇನುಗಾರನಿಗೆ, "ಆಸ್ಪತ್ರೆಗೆ ಸುಳ್ಳು ಹೇಳಿದೆಯಾ?" ಎಂದರು.

"ಪೂರ್ತಿ ಸುಳ್ಳಲ್ಲ ಸಾಮಿ. ಏಣಿಯಿಂದ ಬಿದ್ದವ್ನು ನಾನೇ. ಕಡಿಸ್ಕಂಡವ್ನು ಇವ್ನು. ಒಂದೇ ಚೀಟಿ ಸಿಕ್ತು, ಇಬ್ರೂ ಸೇರಿ ಹಾಕ್ಕಂಡ್ವಿ."

ಅಧಿಕಾರಿ ನಗು ತಡೆದುಕೊಂಡದ್ದು ಕಂಡಿತು. "ಕಡಿದವನು ಯಾರು?"

ನಾನು ಜೇನುಗಾರನ ಮುಖ ನೋಡಿದೆ. ಹೇಳಬೇಕಾಗಿಲ್ಲ ಎಂದು ವಕೀಲ್ ಚೇಚಿ ಮೊದಲೇ ತಿಳಿಸಿದ್ದರು. ಅವನು ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲೆ ಇಟ್ಟು, ಹೆಸರು ಹೇಳಿದ. ಮೇಸ್ತ್ರಿಯ ಪೂರ್ತಿ ಹೆಸರು, ತಂದೆಯ ಹೆಸರು, ಮನೆ ಇರುವ ತಿರುವು.

ಇಬ್ಬರನ್ನೂ ಅಂಗಿ ತೆಗೆಯಲು ಹೇಳಿದರು. ಜೇನುಗಾರನ ಗುಂಡಿಗಳನ್ನು ಹೆಂಡತಿ ಬೆರಳ ತುದಿಯಿಂದ ಬಿಚ್ಚಿದಳು. ಕಿಟಕಿಯ ಬಳಿ ಇಬ್ಬರೂ ಬೆನ್ನು ಮಾಡಿ ನಿಂತರು. ಒಂದರಲ್ಲಿ ಬಿಳಿಯ ಒಂದೇ ಗೆರೆ. ಇನ್ನೊಂದರಲ್ಲಿ ಕೆಂಪು ಹಕ್ಕಳೆ ಬಿಡುತ್ತಿರುವ ಗಾಯಗಳು, ಎಡಕ್ಕೂ ಬಲಕ್ಕೂ. ಅಧಿಕಾರಿ ಎದ್ದು ಬಂದು ನೋಡಿ, ಮರಳಿ ಕೂತು, ಡಾಕ್ಟರ ಆ ಒಂದು ಸಾಲನ್ನು ಮತ್ತೆ ಓದಿದರು.

ಲಿಖಿತ ಆದೇಶ ಹತ್ತೊಂಬತ್ತನೇ ತಾರೀಕು ಬಂತು. ಖುಲ್ನಾದವ ವಿನಾಯಿತಿಗೆ ಒಳಪಡುತ್ತಾನೆ, ಗಡಿಗೆ ಕಳಿಸುವ ಕ್ರಮ ಕೈಬಿಡಲಾಗಿದೆ. ಹಿಂದಿನ ವಾರವೇ ಇನ್ನೊಂದು ಸುದ್ದಿ ಬಂದಿತ್ತು. ಗಾಜು ಒಡೆದ ಗೆಳೆಯ ಇನ್ನೊಂದು ಜಿಲ್ಲೆಯಲ್ಲಿ ಸಿಕ್ಕಿಬಿದ್ದು, ಅವನನ್ನು ರೈಲಿನಲ್ಲಿ ಪೂರ್ವಕ್ಕೆ ಕರೆದೊಯ್ದಿದ್ದರು. ಅಂಗೈಯ ಹೊಲಿಗೆ ಬಿಚ್ಚಿದ್ದರೋ ಇಲ್ಲವೋ ತಿಳಿಯಲಿಲ್ಲ.

ಆದೇಶ ಹಿಡಿದು ಮಧ್ಯಾಹ್ನ ಕಾಲೊನಿಗೆ ಹೋದೆ. ಖುಲ್ನಾದವ ಸಾಲುಮನೆ ಬಿಟ್ಟು ಅವರ ಜಗಲಿಯಲ್ಲೇ ಇದ್ದ. ಇಬ್ಬರ ಕೈಯೂ ಸರಿಯಿಲ್ಲದ ಮನೆಯಲ್ಲಿ ನೀರು ತರುವುದು, ಸೌದೆ ಸೀಳುವುದು ಅವನೇ. ನಾನು ಓದಿ ಹೇಳಿದೆ. ಅವನು ಕೊಡಲಿಯನ್ನು ಕೆಳಗಿಟ್ಟು, ಗೋಡೆಗೆ ಹಣೆ ಒತ್ತಿ ನಿಂತ.

"ಇನ್ನು ಇವ್ನ ಯಾರೂ ಎತ್ಕಂಡ್ ಹೋಗಾಕಿಲ್ವಾ?" ಎಂದಳು ಹೆಂಡತಿ.

"ಇಲ್ಲ."

"ಮೇಸ್ತ್ರಿ?"

"ಜಾಮೀನಿನ ಮೇಲೆ ಹೊರಗಿದ್ದಾನೆ."

"ಗೊತ್ತು. ನಿನ್ನೆ ಜೀಪಲ್ಲಿ ಹೋದ. ಒಂದ್ ಕಣ್ಣಿಗೆ ಪಟ್ಟಿ." ಅವಳು ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. "ಇದ್ರಲ್ಲಿ ನಮ್ದೇನಾರ ಬರ್ದದಾ?"

ಅದರಲ್ಲಿ ಅವರದೇನೂ ಇರಲಿಲ್ಲ. ಅವರಿಗಾಗಿ ಇನ್ನೊಂದು ಅರ್ಜಿ ಬರೆದು ತಂದಿದ್ದೆ. ಮೇಸ್ತ್ರಿ ಕಾಲೊನಿಯ ಹತ್ತಿರ ಬರದಂತೆ, ಆ ಹೊಡೆತದ ಮೇಲೆ ತೋಟದ ಕೆಲಸ ಬಿಟ್ಟವರಿಗೆ ತೊಂದರೆ ಮಾಡದಂತೆ ನ್ಯಾಯಾಲಯವನ್ನು ಕೇಳುವ ಅರ್ಜಿ. ಜೇನುಗಾರ ಹೆಬ್ಬೆಟ್ಟಿಗೆ ಶಾಯಿ ಕೇಳಿದ.

"ನಿಲ್ಲು" ಎಂದಳು ಹೆಂಡತಿ. "ಮೊದ್ಲು ಓದ್ಲಿ. ಯಾರಿಗ್ ಹೋಯ್ತದೆ, ಅಲ್ಲಿ ಒಡ್ದು ಓದೋರು ಯಾರು, ಅದ್ನೂ ಯೋಳ್ಲಿ."

ಹೇಳಿದೆ. ಓದಿದೆ. ಬರೆದದ್ದು ಮಲಯಾಳದಲ್ಲಿ, ಒಂದೊಂದು ಸಾಲಿಗೂ ನಿಂತು ಅವರ ಮಾತಿನಲ್ಲಿ ಹೇಳಿದೆ. 'ಒಂಬತ್ತು ಏಟು ಹೊಡೆದನು' ಎಂಬಲ್ಲಿಗೆ ಬಂದಾಗ ಜೇನುಗಾರ ತಡೆದ.

"ಒಂಬತ್ತಲ್ಲ ಕೂಸೆ, ಹತ್ತು. ನೀನ್ ನೆಲ್ದಲ್ಲಿದ್ದಾಗ ಒಂದ್ ಬಿತ್ತು."

ಒಂಬತ್ತನ್ನು ಹೊಡೆದುಹಾಕಿ ಹತ್ತು ಎಂದು ಬರೆದೆ. ತಿದ್ದಿದ ಜಾಗದ ಪಕ್ಕದಲ್ಲಿ ಅವನು ಹೆಬ್ಬೆಟ್ಟು ಒತ್ತಿದ, ಕೊನೆಯಲ್ಲಿ ಇನ್ನೊಮ್ಮೆ ಒತ್ತಿದ. ಹೆಂಡತಿ ಅದನ್ನು ಮೊದಲಿಂದ ಮತ್ತೊಮ್ಮೆ ಓದಲು ಹೇಳಿದಳು.